ಹೊಸ್ತಿಲೊಳಗಣ ಗೂಢಚರ್ಯೆ



ಉಪನ್ಯಾಸದ ವಸ್ತುವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಈ ಸಂಸ್ಥೆಯ ವ್ಯವಸ್ಥಾಪಕರು ನನಗೇ ಬಿಟ್ಟದ್ದರಿಂದ, ಕಾವ್ಯಮೀಮಾಂಸೆಯನ್ನೋ ಶಾಸನಪರಿಚಯವನ್ನೋ ನಿರೀಕ್ಷಿಸಿ ಬಂದಿರಬಹುದಾದ ಸಭೆಗೆ ಕೊಂಚ ಅಪರಿಚಿತವೆನಿಸುವ, ಕೆಲವರಿಗೆ ಸಂಕೋಚವನ್ನೂ ಉಂಟುಮಾಡಬಹುದಾದ ಒಂದು ವಿಷಯವನ್ನು ನಾನು ಕೈಗೆತ್ತಿಕೊಂಡಿದ್ದೇನೆ. ಒಬ್ಬರ ಮೊಬೈಲ್ ಫೋನಿನಲ್ಲಿ ನಡೆಯುವ ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮುಂತಾದವುಗಳ ಸಂಭಾಷಣೆಯನ್ನು ಇನ್ನೊಬ್ಬರು ಬೇರೊಂದು ಕಡೆ ಕುಳಿತು, ಅವರ ಅರಿವಿಗೆ ಬಾರದಂತೆ ಓದುವುದಕ್ಕೆಂದೇ ತಯಾರಾಗಿ, ತಿಂಗಳ ಚಂದಾ ಲೆಕ್ಕದಲ್ಲಿ ಮಾರಾಟವಾಗುತ್ತಿರುವ ಆ್ಯಪ್‌ಗಳೇ ಆ ವಿಷಯ.

ಮೊದಲು ಎಲ್ಲೆಯನ್ನು ಹೇಳಿಬಿಡುವುದು ಮೇಲು. 2021ರ ಜುಲೈ ತಿಂಗಳಿನಲ್ಲಿ ಲೋಕವೆಲ್ಲ ಸದ್ದುಮಾಡಿದ ಪೆಗಸಸ್ ಗೂಢಚರ್ಯೆಯ ಪ್ರಕರಣವನ್ನು, ಅದರ ವಿಚಾರಣೆಗಾಗಿ ಸರ್ವೋಚ್ಚ ನ್ಯಾಯಾಲಯವು ಆ ವರ್ಷದ ಅಕ್ಟೋಬರ್ 27ರಂದು ನಿವೃತ್ತ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ಮೇಲ್ವಿಚಾರಣೆಗೆ ಒಪ್ಪಿಸಿದ ಸಂಗತಿಯನ್ನು ನಾನು ಇಂದು ಚರ್ಚಿಸುವುದಿಲ್ಲ. ಅದು ಪ್ರಭುತ್ವಕ್ಕೂ ಪ್ರಜೆಗೂ ನಡುವಣ ವ್ಯಾಜ್ಯ. ಅದಕ್ಕೆ ವಕೀಲರೂ ಪತ್ರಕರ್ತರೂ ಇದ್ದಾರೆ. ನನ್ನ ವಿಷಯ ನಡುಮನೆಗೂ ಮಲಗುವ ಕೋಣೆಗೂ ಸೇರಿದ್ದು: ಗಂಡ ಹೆಂಡತಿಯ ಫೋನನ್ನು, ಹೆಂಡತಿ ಗಂಡನದನ್ನು, ತಂದೆ ಮಗಳದನ್ನು ಓದುವ ಸಂಗತಿ. ನಮ್ಮ ನ್ಯಾಯವಿಚಾರವೂ ನೀತಿವಿಚಾರವೂ ವ್ಯಕ್ತಿಯ ಏಕಾಂತವನ್ನು ಕಾಪಾಡಲು ಮನೆಯ ಹೊಸ್ತಿಲನ್ನೇ ಗಡಿಯಾಗಿ ಇರಿಸಿಕೊಂಡು ಬಂದಿವೆ. ಕಾವಲು ಬೇಕಾದದ್ದು ಹೊರಗಿನಿಂದ ಬರುವವನ ಮೇಲೆ ಎಂಬುದು ಅವುಗಳ ಗ್ರಹಿಕೆ. ಈಗ ಓದುವವನು ಹೊಸ್ತಿಲೊಳಗೇ ಇದ್ದಾನೆ, ಮತ್ತು ಅದೇ ಹೊಸ್ತಿಲು ಅವನಿಗೆ ಮರೆಯಾಗಿದೆ. ಇದು ನನ್ನ ಪ್ರತಿಪಾದನೆ. ಇದನ್ನು ಸಮರ್ಥಿಸಲು ಗೂಢಚರ್ಯೆಯ ಪೂರ್ವವೃತ್ತಾಂತವನ್ನು ಸ್ವಲ್ಪ, ಈ ಆ್ಯಪ್‌ಗಳ ಕಾರ್ಯವಿಧಾನವನ್ನು ಸ್ವಲ್ಪ ಹೆಚ್ಚಾಗಿ, ಅವುಗಳ ವ್ಯಾಪಾರವನ್ನು, ಕಡೆಗೆ ಮಕ್ಕಳ ವಿಚಾರವನ್ನೂ ಕಾನೂನನ್ನೂ ನಿಮ್ಮ ಮುಂದಿಡುತ್ತೇನೆ.

ಗೂಢಚರ್ಯೆ ನಮ್ಮ ದೇಶಕ್ಕೆ ಹೊಸದೇನಲ್ಲ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ದೊರೆತ ಹಸ್ತಪ್ರತಿಯಿಂದ ಸಂಪಾದಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಪುರುಷರ ನೇಮಕವೇ ಒಂದು ಪ್ರಕರಣ. ಪರರ ಮರ್ಮವನ್ನರಿಯಬಲ್ಲ ವಿದ್ಯಾರ್ಥಿಯ ವೇಷದ ಕಾಪಟಿಕ, ಸನ್ಯಾಸದಿಂದ ಜಾರಿದ ಉದಾಸ್ಥಿತ, ಒಕ್ಕಲಿಗನ ರೂಪದ ಗೃಹಪತಿಕ, ವ್ಯಾಪಾರಿಯ ರೂಪದ ವೈದೇಹಕ, ಜಟೆ ಬಿಟ್ಟ ತಾಪಸ, ಹೀಗೆ ಬೇಹುಗಾರರ ಒಂದು ಸಂಸಾರವನ್ನೇ ಆತ ರಾಜನಿಗೆ ಕಟ್ಟಿಕೊಡುತ್ತಾನೆ. ಆದರೆ ನಿರ್ದಯನೆಂದು ಹೆಸರಾದ ಆ ಕೌಟಿಲ್ಯನೇ ಒಂದು ನಿಯಮವನ್ನು ಇಟ್ಟಿದ್ದಾನೆ: ಪರಸ್ಪರ ಪರಿಚಯವಿಲ್ಲದ ಮೂವರು ಚಾರರ ವರದಿಗಳು ಒಂದೇ ಮಾತನ್ನು ಹೇಳಿದರೆ ಮಾತ್ರ ರಾಜನು ಅದನ್ನು ನಂಬತಕ್ಕದ್ದು. ಈ ಮೂವರ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಮೈಸೂರಿನ ಅಂಚೆಯ ಕಥೆಯೂ ಇಂಥದೇ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರು ಏರ್ಪಡಿಸಿದ ಆ ಅಂಚೆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಗುವವರೆಗೆ ಕಾಗದಪತ್ರಗಳನ್ನು ಹೊತ್ತು ನಡೆಯಿತೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸಗ್ರಂಥದಲ್ಲಿ ಅದರ ಇನ್ನೊಂದು ಮುಖವನ್ನೂ ಬರೆದಿಟ್ಟಿದ್ದಾನೆ: ಅಂಚೆಯ ಅಧಿಕಾರಿಗಳು ಅರಮನೆಯ ಅಂತರಂಗದ ಆಳುಗಳಾಗಿದ್ದರು, ಕೆಳಗಿನ ನೌಕರರು ಸೀಮೆಸೀಮೆಯ ಗುಟ್ಟುಗಳನ್ನು ವರದಿಮಾಡುವ ಬೇಹುಗಾರರೇ ಆಗಿದ್ದರು ಎಂದು. ಮಾತನ್ನು ಸಾಗಿಸುವ ಸಾಧನವೇ ಮಾತನ್ನು ಕದಿಯುವ ಸಾಧನವೂ ಆಗುವುದು ಮೊಬೈಲಿನಿಂದ ಆರಂಭವಾದದ್ದಲ್ಲ.

ಇನ್ನು ಮನೆಯೊಳಗಿನ ಓದು. ಸೊಸೆಗೆ ತವರಿನಿಂದ ಬಂದ ನೀಲಿ ಇನ್‌ಲ್ಯಾಂಡ್ ಕಾಗದ ಮಾವನವರ ಕೈದಾಟಿ ಒಳಮನೆಗೆ ಬರುತ್ತಿದ್ದ ಕಾಲವನ್ನು ಈ ಸಭೆಯ ಹಿರಿಯರು ಕಂಡಿದ್ದಾರೆ. ಅದು ಒಳ್ಳೆಯ ಪದ್ಧತಿಯೆಂದು ನಾನು ಹೇಳಲಾರೆ. ಆದರೆ ಒಂದು ವ್ಯತ್ಯಾಸವುಂಟು. ಕಾಗದ ಒಡೆದು ಓದಲ್ಪಡುವುದೆಂಬುದು ಬರೆಯುವ ತಾಯಿಗೂ ಗೊತ್ತಿತ್ತು, ಓದುವ ಮಗಳಿಗೂ ಗೊತ್ತಿತ್ತು. ಆದ್ದರಿಂದ ತಾಯಿ “ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿಸುವುದು” ಎಂದು ಬರೆದು, ಹೇಳಬೇಕಾದ ನಿಜವಾದ ಮಾತನ್ನು ಗೌರಿಹಬ್ಬದ ಬಾಗಿನ ತರುವ ತಮ್ಮನ ಬಾಯಲ್ಲಿ ಹೇಳಿ ಕಳಿಸುತ್ತಿದ್ದಳು. ಓದುವವನು ಎದುರಿಗಿದ್ದನಾದಕಾರಣ ಅವನನ್ನು ಬಳಸಿಕೊಂಡು ಹೋಗುವ ಹಾದಿಯೂ ಇತ್ತು. ಈ ಆ್ಯಪ್‌ಗಳು ಮೊದಲು ಮುಚ್ಚುವುದು ಆ ಹಾದಿಯನ್ನೇ.

ಈಗ ಎರಡನೆಯ ಭಾಗಕ್ಕೆ, ಅಂದರೆ ಇವುಗಳ ಕಾರ್ಯವಿಧಾನಕ್ಕೆ ಬರೋಣ. ವಾಟ್ಸ್‌ಆ್ಯಪ್ ಸಂಸ್ಥೆಯು 2016ರ ಏಪ್ರಿಲಿನಿಂದ ತನ್ನ ಎಲ್ಲ ಸಂದೇಶಗಳನ್ನೂ ಕಳುಹಿಸಿದವನ ಫೋನಿನಿಂದ ಪಡೆದವನ ಫೋನಿನವರೆಗೆ ಗೂಢಲಿಪಿಯಲ್ಲಿ ಸಾಗಿಸುತ್ತಿದೆಯೆಂಬುದು ತಮಗೆ ತಿಳಿದೇ ಇದೆ. ದಾರಿಯಲ್ಲಿ ಯಾರೂ, ಆ ಸಂಸ್ಥೆಯವರೂ, ಅದನ್ನು ಓದಲಾರರು. ಹಾಗಿದ್ದ ಮೇಲೆ ಚಂದಾ ತೆತ್ತು ಕೊಂಡ ಆ್ಯಪೊಂದು ಹೇಗೆ ಓದೀತು ಎಂದು ವಿದ್ಯಾವಂತರೂ ಕೇಳುವುದುಂಟು. ಅದು ದಾರಿಯಲ್ಲಿ ಓದುವುದೇ ಇಲ್ಲ. ಅರಗು ಹಾಕಿ ಮೊಹರು ಮಾಡಿದ ಕಾಗದವನ್ನು ಒಡೆದು ಓದುತ್ತಿರುವವನ ಹೆಗಲ ಹಿಂದೆ ನಿಂತು ಇಣುಕುವವನಿಗೆ ಅರಗಿನ ಗೊಡವೆ ಏತಕ್ಕೆ?

ಇಣುಕುವ ಜಾಗವನ್ನು ಅದು ಸಂಪಾದಿಸುವ ಬಗೆಯನ್ನು ಕೇಳಿದರೆ ಖೇದವಾಗುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ‘ಅಕ್ಸೆಸಿಬಿಲಿಟಿ’ ಎಂಬ ಒಂದು ಸೌಲಭ್ಯವುಂಟು. ಕಣ್ಣು ಕಾಣದವರಿಗೆ ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವುದಕ್ಕಾಗಿ, ಕೈ ಸ್ವಾಧೀನವಿಲ್ಲದವರ ಪರವಾಗಿ ಗುಂಡಿಯನ್ನು ಒತ್ತುವುದಕ್ಕಾಗಿ, ಪರದೆಯಲ್ಲಿ ಇರುವುದನ್ನೆಲ್ಲ ನೋಡುವ ಅನುಮತಿಯನ್ನು ಅದರ ಮೂಲಕ ಒಂದು ಆ್ಯಪಿಗೆ ಕೊಡಬಹುದು. ಅಂಧರಿಗಾಗಿ ತೆರೆದಿಟ್ಟ ಆ ಬಾಗಿಲಿನಿಂದಲೇ ಇಂಥ ಆ್ಯಪ್‌ಗಳಲ್ಲಿ ಹೆಚ್ಚಿನವು ಒಳಹೊಗುತ್ತವೆ. ಫೋನು ಸ್ವಲ್ಪ ಹೊತ್ತು ಕೈಗೆ ಸಿಕ್ಕಬೇಕು, ಅದರ ಪಾಸ್‌ವರ್ಡ್ ತಿಳಿದಿರಬೇಕು. ಎರಡೂ ಹೊರಗಿನ ಕಳ್ಳನಿಗೆ ದುರ್ಲಭ, ಒಂದೇ ಮಂಚದ ಮೇಲೆ ಮಲಗುವವನಿಗೆ ಅತಿ ಸುಲಭ. ಒಮ್ಮೆ ಒಳಗೆ ನೆಲೆಸಿದ ಮೇಲೆ ಅದರ ಚಿತ್ರ ಪರದೆಯಿಂದ ಮಾಯವಾಗುತ್ತದೆ. ಹೆಸರು ಹುಡುಕಿದರೆ ‘ಸಿಸ್ಟಂ ಸರ್ವಿಸ್’ ಎಂಬಂಥ ನಿರುಪದ್ರವವಾದ ಹೆಸರು. ಕೆಲವೊಮ್ಮೆ ಬೇರೆ ಆ್ಯಪಿನ ಅಗತ್ಯವೂ ಇರುವುದಿಲ್ಲ. ವಾಟ್ಸ್‌ಆ್ಯಪ್ ಖಾತೆಯೊಂದನ್ನು ಇನ್ನೂ ನಾಲ್ಕು ಯಂತ್ರಗಳಿಗೆ ಜೋಡಿಸಲು ಅವಕಾಶವಿದ್ದು, ತನ್ನ ‘ಲಿಂಕ್ಡ್ ಡಿವೈಸಸ್’ ಪಟ್ಟಿಯನ್ನು ಎಂದೂ ತೆರೆದು ನೋಡದವರ ಸಂಭಾಷಣೆ ಬೇರೆಯವರ ಲ್ಯಾಪ್‌ಟಾಪಿನಲ್ಲಿ ತಿಂಗಳುಗಟ್ಟಲೆ ತೆರೆದುಕೊಂಡೇ ಇರಬಹುದು.

ಓದುವವನಿಗೆ ಕಾಣಿಸುವುದೇನು ಎಂಬುದನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಅವನ ಮುಂದೆ ಒಂದು ಪಟ್ಟಿ: ಯಾರಿಗೆ, ಎಷ್ಟು ಗಂಟೆಗೆ, ಏನು. ಕೀಲಿಮಣೆಯ ಪ್ರತಿಯೊಂದು ಒತ್ತನ್ನೂ ದಾಖಲಿಸುವ ಆ್ಯಪ್ ಆಗಿದ್ದರೆ, ಕಳುಹಿಸಿದ ಮಾತಷ್ಟೇ ಅಲ್ಲದೆ, ಬರೆದು ಅಳಿಸಿದ ಮಾತೂ ಅಲ್ಲಿರುತ್ತದೆ. ಈ ಸಂಗತಿಯನ್ನು ನಾನು ಬಹಳ ಗುರುತರವೆಂದು ಭಾವಿಸುತ್ತೇನೆ. ಕೋಪದಲ್ಲಿ ನಾಲ್ಕು ಸಾಲು ಬರೆದು, ಒಂದು ನಿಮಿಷ ಯೋಚಿಸಿ, ಎಲ್ಲವನ್ನೂ ಅಳಿಸಿ “ಸರಿ, ಆಮೇಲೆ ಮಾತಾಡೋಣ” ಎಂದಷ್ಟೇ ಕಳುಹಿಸುವವಳು ತನ್ನ ವಿವೇಕವನ್ನು ತೋರಿಸಿದ್ದಾಳೆ; ಸೌಜನ್ಯವೆಂದು ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ಹೀಗೆ ಆಡದೆ ನುಂಗಿದ ಮಾತೇ. ಯಂತ್ರವು ಆ ನುಂಗಿದ ಮಾತನ್ನು ಆಡಿದ ಮಾತಿನ ಸಾಲಿಗೆ ಸೇರಿಸಿ ಇನ್ನೊಬ್ಬನ ಕೈಗೆ ಕೊಡುತ್ತದೆ. ಕಾಗದ ಒಡೆದು ಓದಿದ ಯಾವ ಮಾವನಿಗೂ ಈ ಅಧಿಕಾರ ಇರಲಿಲ್ಲ. ಸೊಸೆ ಬರೆದು ಹರಿದು ಒಲೆಗೆ ಹಾಕಿದ ಕಾಗದ ಅವನಿಗೆ ಸಿಕ್ಕುತ್ತಿರಲಿಲ್ಲ.

ಆಡಿದ ಮಾತಾದರೂ ಓದುವವನಿಗೆ ಅರ್ಥವಾದೀತೇ? ಅಕ್ಕನಿಗೆ ತಂಗಿ “ಅವರಿಗೆ ಈಗಲೇ ಹೇಳೋದು ಬೇಡ ಕಣೇ” ಎಂದು ಬರೆದಿದ್ದಾಳೆ ಎಂದಿಟ್ಟುಕೊಳ್ಳಿ. ಎದೆಯಲ್ಲಿ ಕೈಗೆ ಸಿಕ್ಕ ಒಂದು ಗಂಟಿನ ಪರೀಕ್ಷೆಯ ಫಲಿತಾಂಶ ಬರುವ ತನಕ ಗಂಡನನ್ನು ಗಾಬರಿಪಡಿಸುವುದು ಬೇಡವೆಂದಿರಬಹುದು. ಚೀಟಿ ಎತ್ತಿದ ಹಣದಲ್ಲಿ ತಮ್ಮನ ಕಾಲೇಜಿನ ಫೀಸು ಕಟ್ಟಿದ ವಿಷಯವಿರಬಹುದು. ಬರುವ ತಿಂಗಳ ಹುಟ್ಟುಹಬ್ಬಕ್ಕೆ ಹೊಲಿಯಲು ಕೊಟ್ಟ ಅಂಗಿಯ ವಿಷಯವೂ ಇರಬಹುದು. ಸಂಶಯವನ್ನು ಮೊದಲೇ ಹೊತ್ತು ಪರದೆಯ ಮುಂದೆ ಕುಳಿತವನಿಗೆ ಈ ಮೂರರಲ್ಲಿ ಒಂದೂ ತೋಚುವುದಿಲ್ಲ, ನಾಲ್ಕನೆಯದೊಂದು ತೋಚುತ್ತದೆ. ಕೇಳಿ ಪರಿಹರಿಸಿಕೊಳ್ಳೋಣವೆಂದರೆ, ಕೇಳಿದೊಡನೆಯೇ ತಾನು ಓದಿದ್ದು ಬಯಲಾಗುತ್ತದೆ. ಸಾಮ್ರಾಜ್ಯವನ್ನಾಳುವ ರಾಜನಿಗೆ ಮೂವರು ಸಾಕ್ಷಿಗಳು ಬೇಕೆಂದ ಕೌಟಿಲ್ಯನ ಎಚ್ಚರ, ಸಂಸಾರವನ್ನಾಳುವವನಿಗೆ ಒಂದು ಅರೆವಾಕ್ಯದಲ್ಲಿಯೇ ಮುಗಿದುಹೋಗುತ್ತದೆ.

ಮೂರನೆಯದಾಗಿ, ಈ ವ್ಯಾಪಾರದ ಮಾತು. ಓದುವವನು ತಾನೊಬ್ಬನೇ ಓದುತ್ತಿದ್ದೇನೆಂದು ತಿಳಿದಿರುತ್ತಾನೆ. ಆದರೆ ಫೋನಿನಿಂದ ಅವನ ಪರದೆಗೆ ಸಂದೇಶಗಳು ನೇರವಾಗಿ ಬರುವುದಿಲ್ಲ. ಯಾವುದೋ ದೇಶದ ಯಾರದೋ ಸರ್ವರಿನಲ್ಲಿ ಶೇಖರವಾಗಿ ಅಲ್ಲಿಂದ ಬರುತ್ತವೆ. ಆ ಉಗ್ರಾಣಗಳ ಭದ್ರತೆಯ ಚರಿತ್ರೆ ನಗೆಗೂ ಶೋಕಕ್ಕೂ ಯೋಗ್ಯವಾದದ್ದು. ಎಂ-ಸ್ಪೈ ಎಂಬ ಹೆಸರಾಂತ ಆ್ಯಪಿನ ಕಡತಗಳು 2015ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ, 2024ರಲ್ಲಿ ಮಗುದೊಮ್ಮೆ ಸೋರಿಹೋದವು. ಕಡೆಯ ಸಲ ಬಯಲಾದದ್ದು ಗಿರಾಕಿಗಳು ಸಂಸ್ಥೆಗೆ ಸಹಾಯ ಕೋರಿ ಬರೆದ ಪತ್ರಗಳು, ಅಂದರೆ ಕದ್ದು ನೋಡುವವರ ಗುಟ್ಟುಗಳು. ಪೋಲೆಂಡಿನ ಲೆಟ್-ಮಿ-ಸ್ಪೈ 2023ರಲ್ಲಿ ಕನ್ನಕ್ಕೆ ಗುರಿಯಾಗಿ ಆ ವರ್ಷವೇ ಅಂಗಡಿ ಮುಚ್ಚಿತು. ಅಮೆರಿಕದ ಪಿಸಿ-ಟ್ಯಾಟಲ್‌ಟೇಲ್‌ಗೆ 2024ರಲ್ಲಿ ಅದೇ ಗತಿಯಾಯಿತು. ಹೆಂಡತಿಯ ಗುಟ್ಟನ್ನು ತಿಳಿಯಬೇಕೆಂದು ಹಣ ತೆತ್ತವನು ಆ ಗುಟ್ಟನ್ನು ಊರಿಗೆಲ್ಲ ಹಂಚಲು ಹಣ ತೆತ್ತಂತಾಯಿತು.

ಅಮೆರಿಕದ ಸರ್ಕಾರ ಕೈಕಟ್ಟಿ ಕೂತಿಲ್ಲ. ಸ್ಟೆಲ್ತ್-ಜೀನಿ ಎಂಬ ಆ್ಯಪನ್ನು ಮಾರುತ್ತಿದ್ದ ವ್ಯಕ್ತಿಯೊಬ್ಬನನ್ನು 2014ರಲ್ಲಿ ಲಾಸ್ ಏಂಜಲೀಸಿನಲ್ಲಿ ಬಂಧಿಸಲಾಗಿ, ಅವನು ತಪ್ಪೊಪ್ಪಿಕೊಂಡು 5 ಲಕ್ಷ ಡಾಲರ್ ದಂಡ ತೆತ್ತನು. ಅವನ ವ್ಯಾಪಾರದ ಯೋಜನಾಪತ್ರದಲ್ಲಿಯೇ, ಹೆಚ್ಚು ಕೊಳ್ಳುವವರು ತಮ್ಮ ಸಂಗಾತಿಯನ್ನು ಶಂಕಿಸುವವರು ಎಂಬ ಲೆಕ್ಕಾಚಾರವಿತ್ತೆಂದು ಆಪಾದನಾಪತ್ರ ಹೇಳಿತು. ‘ಮಕ್ಕಳ ಸುರಕ್ಷತೆಗಾಗಿ’ ಎಂಬ ಫಲಕದ ಹಿಂದೆ ಯಾವ ಸರಕು ಇರುತ್ತದೆಂಬುದು ಅಂದಿಗೇ ಬಯಲಾಯಿತು. 2021ರ ಸೆಪ್ಟೆಂಬರಿನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನು ಸ್ಪೈಫೋನ್ ಎಂಬ ಸಂಸ್ಥೆಯನ್ನೂ ಅದರ ಮುಖ್ಯಸ್ಥನನ್ನೂ ಈ ವ್ಯಾಪಾರದಿಂದಲೇ ಹೊರಗಟ್ಟಿತು. ನಾವು ದೂರದ ದೇಶದ ಕಥೆಯೆಂದು ಕೇಳುವಂತಿಲ್ಲ. ಕ್ಯಾಸ್ಪರ್‌ಸ್ಕಿ ಸಂಸ್ಥೆಯು ತನ್ನ ಗಿರಾಕಿಗಳ ಫೋನುಗಳಲ್ಲಿ 2023ರಲ್ಲಿ ಇಂಥ ಆ್ಯಪನ್ನು ಪತ್ತೆಹಚ್ಚಿದ್ದು ಲೋಕದಾದ್ಯಂತ 31 ಸಾವಿರಕ್ಕೆ ಮೇಲ್ಪಟ್ಟ ಜನರಲ್ಲಿ. ರಷ್ಯ, ಬ್ರೆಜಿಲ್‌ಗಳ ಬಳಿಕ ಮೂರನೆಯ ಸ್ಥಾನ ಭಾರತದ್ದು. ಆ ಸಂಸ್ಥೆಯ ರಕ್ಷಣಾ ಆ್ಯಪನ್ನು ಇಟ್ಟುಕೊಂಡವರ ಲೆಕ್ಕ ಮಾತ್ರ ಇದು. ಅದನ್ನು ಇಟ್ಟುಕೊಳ್ಳದವರೇ ಬಹುಸಂಖ್ಯಾತರೆಂಬುದನ್ನು ಮರೆಯಬಾರದು.

ಇಲ್ಲಿ ತಂದೆತಾಯಿಗಳ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಅದು ಆಗಲೇ ಎದ್ದಿದೆ. ಅಪರಿಚಿತನೊಬ್ಬ ಹುಡುಗಿಯ ಫೋಟೋ ತಿರುಚಿ ಬೆದರಿಸುವುದು, ಆಟದ ಆ್ಯಪಿನಲ್ಲಿ ಹುಡುಗ ಮನೆಯ ಹಣವನ್ನು ಕಳೆಯುವುದು, ಇವೆಲ್ಲ ನಡೆಯುತ್ತಿರುವಾಗ ಹೆತ್ತವರ ಅಂಜಿಕೆಯನ್ನು ಹಾಸ್ಯಮಾಡುವ ಹಕ್ಕು ನನಗಿಲ್ಲ. ಎಂಟು ವರ್ಷದ ಮಗುವಿನ ಕೈಯಲ್ಲಿ ಫೋನು ಕೊಟ್ಟು ಅದರ ಕಡೆ ನೋಡದಿರುವುದು ಸ್ವಾತಂತ್ರ್ಯವಲ್ಲ, ಅಲಕ್ಷ್ಯ. ಆದರೆ ಮೇಲ್ವಿಚಾರಣೆ ಬೇರೆ, ಗೂಢಚರ್ಯೆ ಬೇರೆ. ಗೂಗಲ್ ಸಂಸ್ಥೆಯ ಫ್ಯಾಮಿಲಿ ಲಿಂಕ್‌ನಂಥ ಆ್ಯಪ್‌ಗಳು ತಾವು ಇದ್ದೇವೆಂದು ಮಗುವಿಗೆ ಕಾಣಿಸಿಕೊಂಡೇ ಇರುತ್ತವೆ. 2020ರಿಂದೀಚೆಗೆ ಪ್ಲೇ ಸ್ಟೋರಿನ ನಿಯಮವೂ ಹೀಗೆ ನಿರಂತರವಾಗಿ ಸೂಚನೆ ತೋರದ ನಿಗಾ ಆ್ಯಪ್‌ಗಳಿಗೆ ಅಲ್ಲಿ ಜಾಗವಿಲ್ಲವೆನ್ನುತ್ತದೆ. ಹೇಳಿ ನೋಡುವ ತಂದೆಯೊಡನೆ ಮಗಳು ಜಗಳವಾಡಬಹುದು, ಮುನಿಸಿಕೊಳ್ಳಬಹುದು, ದಿನಕ್ಕೆ ಅರ್ಧ ಗಂಟೆ ಹೆಚ್ಚು ಕೇಳಬಹುದು. ಹೇಳದೆ ನೋಡುವ ತಂದೆಯೊಡನೆ ಅವಳಿಗೆ ಜಗಳವಾಡುವ ಅವಕಾಶವೇ ಇಲ್ಲ.

ಇನ್ನೊಂದು ಮಾತನ್ನು ಈ ಚರ್ಚೆಗಳಲ್ಲಿ ಯಾರೂ ಎತ್ತುವುದಿಲ್ಲ. ಸಂದೇಶವೆಂಬುದಕ್ಕೆ ಎರಡು ಕೊನೆಗಳುಂಟು. ನನ್ನ ಮಗಳ ಫೋನನ್ನು ನಾನು ಓದಿದರೆ, ತನ್ನ ಮನೆಯ ಕಷ್ಟವನ್ನು ಅವಳಲ್ಲಿ ಹೇಳಿಕೊಂಡ ಗೆಳತಿಯನ್ನೂ ಓದಿದಂತಾಯಿತು. ಆ ಹುಡುಗಿಯ ತಂದೆ ನಾನಲ್ಲ. ಅವಳ ವಿಷಯದಲ್ಲಿ ನನಗೆ ಯಾವ ಪಿತೃಧರ್ಮವೂ ಇಲ್ಲ. ಮಕ್ಕಳ ಹಿತದ ಹೆಸರಿನಲ್ಲಿ ನಡೆಯುವ ಗುಪ್ತ ಓದು ಪ್ರತಿ ಸಲವೂ ಪರರ ಮಕ್ಕಳ ಮನೆಗೆ ನುಗ್ಗುತ್ತದೆ.

ಹದಿನೆಂಟರ ಆಸುಪಾಸಿಗೆ ಬಂದ ಮೇಲಂತೂ ಮಾತೇ ಬೇರೆ. ಹಾಸ್ಟೆಲಿನಲ್ಲಿ ಫೋನು ಬಳಸುವ ವೇಳೆಯ ನಿರ್ಬಂಧವನ್ನು ಒಪ್ಪದೆ ಹೊರಗಟ್ಟಲ್ಪಟ್ಟ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೊರೆಯನ್ನು 2019ರಲ್ಲಿ ಎತ್ತಿಹಿಡಿದ ಕೇರಳದ ಉಚ್ಚ ನ್ಯಾಯಾಲಯವು, ಅಂತರ್ಜಾಲವನ್ನು ಬಳಸುವ ಹಕ್ಕು ವಿದ್ಯೆಯ ಹಕ್ಕಿಗೂ ಏಕಾಂತದ ಹಕ್ಕಿಗೂ ಸೇರಿದ್ದೆಂದು ಹೇಳಿತು. ಅವಳ ಪಾಲಕರು ಅವಳ ಪರವಾಗಿಯೇ ಇದ್ದರೆಂಬುದು ಆ ಪ್ರಕರಣದಲ್ಲಿ ನನಗೆ ಪ್ರಿಯವಾದ ಅಂಶ.

ಹೀಗೆ ನ್ಯಾಯಾಲಯದ ಬಾಗಿಲಿಗೆ ಬಂದದ್ದಾಯಿತು. ಏಕಾಂತವು ಸಂವಿಧಾನದ 21ನೆಯ ಅನುಚ್ಛೇದದಲ್ಲಿ ಅಂತರ್ಗತವಾದ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದ ತೀರ್ಪು ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿ ಪ್ರಸಿದ್ಧವಾಗಿರುವುದಷ್ಟೆ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಹೂಡಿದ ದಾವೆಯ ಫಲ ಅದು. ಆದರೆ ಮೂಲಭೂತ ಹಕ್ಕೆಂಬುದು ಪ್ರಧಾನವಾಗಿ ಪ್ರಭುತ್ವದೆದುರು ಎತ್ತುವ ಗುರಾಣಿ. ಗಂಡನೆದುರು, ಅತ್ತೆಯೆದುರು, ಅಣ್ಣನೆದುರು ಅದನ್ನು ಎತ್ತಿಹಿಡಿಯುವ ಬಗೆ ಹೇಗೆ?

2013ರಲ್ಲಿ, ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯ ಬಳಿಕ ಬಂದು, ಈಗ ಭಾರತೀಯ ನ್ಯಾಯ ಸಂಹಿತೆಯ 78ನೆಯ ಪ್ರಕರಣವಾಗಿರುವ ವಿಧಿ ಇದಕ್ಕೆ ಅತ್ಯಂತ ಸಮೀಪವಾದದ್ದು. ಹೆಣ್ಣೊಬ್ಬಳು ಅಂತರ್ಜಾಲ, ಇ-ಮೇಲ್ ಅಥವಾ ಇತರ ವಿದ್ಯುನ್ಮಾನ ಸಂವಹನವನ್ನು ಬಳಸುವುದರ ಮೇಲೆ ನಿಗಾ ಇಡುವ ಪುರುಷನು ಅಪರಾಧಿಯೆಂದೂ, ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮರುಕಳಿಸಿದರೆ ಐದು ವರ್ಷದವರೆಗೆ ಶಿಕ್ಷಾರ್ಹನೆಂದೂ ಅದು ಹೇಳುತ್ತದೆ. ಗಂಡನನ್ನು ಅದು ಹೊರಗಿಟ್ಟಿಲ್ಲ. ಆದರೆ ಸನ್ನಿವೇಶದಲ್ಲಿ ಸಮಂಜಸವೂ ಸಮರ್ಥನೀಯವೂ ಆದ ನಡತೆಗೆ ವಿನಾಯಿತಿಯಿದೆ; ‘ನನ್ನ ಹೆಂಡತಿ, ನನ್ನ ಮನೆ’ ಎಂಬುದೇ ಸಮರ್ಥನೆಯೆಂದು ನಂಬಿದವರಿಗೆ ಆ ಕಿಂಡಿ ಹೆಬ್ಬಾಗಿಲಿನಂತೆ ಕಾಣುತ್ತದೆ. ಓದುವವಳು ಅತ್ತೆಯಾಗಿದ್ದರೆ, ಓದಲ್ಪಡುವವನು ಗಂಡಸಾಗಿದ್ದರೆ, ಈ ವಿಧಿ ಒದಗುವುದೇ ಇಲ್ಲ. ಆಗ ಉಳಿಯುವುದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮ. ಅದರ 43ನೆಯ ಪ್ರಕರಣವು ಯಂತ್ರದ ಒಡೆಯನ ಅಥವಾ ಅದು ಯಾರ ವಶದಲ್ಲಿದೆಯೋ ಅವರ ಅನುಮತಿಯಿಲ್ಲದೆ ಒಳಹೊಕ್ಕವನನ್ನು ಹೊಣೆಮಾಡುತ್ತದೆ. ಕಂತು ಕಟ್ಟಿ ಹೆಂಡತಿಗೆ ಫೋನು ತಂದುಕೊಟ್ಟವನು ಒಡೆಯ ತಾನೇ ಎನ್ನುತ್ತಾನೆ. ಕೊಟ್ಟ ಮೇಲೆ ಅದು ಅವಳ ವಶದಲ್ಲಿದೆ ಎಂಬುದು ನನ್ನ ಎಣಿಕೆ, ಆದರೆ ಠಾಣೆಯ ಮೇಜಿನ ಮುಂದೆ ಬಿಲ್ಲು ಯಾರ ಹೆಸರಿನಲ್ಲಿದೆಯೆಂಬುದೇ ಮೊದಲ ಪ್ರಶ್ನೆಯಾದರೆ ಆಶ್ಚರ್ಯಪಡಬೇಕಾಗಿಲ್ಲ.

ಹೊಸ್ತಿಲೇ ಮರೆಯಾಗಿದೆಯೆಂದು ಆರಂಭದಲ್ಲಿ ಹೇಳಿದೆನಲ್ಲವೇ, ಅದರ ಸ್ಪಷ್ಟವಾದ ನಿದರ್ಶನ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ. ಮಕ್ಕಳ ಜಾಡನ್ನು ಹಿಡಿಯಕೂಡದು, ಅವರ ನಡವಳಿಕೆಯ ಮೇಲೆ ನಿಗಾ ಇಡಕೂಡದು ಎಂದು ಅದು ಮಾಹಿತಿ ಸಂಗ್ರಹಿಸುವ ಸಂಸ್ಥೆಗಳಿಗೆ ಸಾಮಾನ್ಯವಾಗಿ ಕಟ್ಟಳೆ ಹಾಕುತ್ತದೆ. ಅದೇ ಅಧಿನಿಯಮವು ವ್ಯಕ್ತಿಯೊಬ್ಬನು ಸ್ವಂತದ ಅಥವಾ ಗೃಹಕೃತ್ಯದ ಉದ್ದೇಶಕ್ಕಾಗಿ ಬಳಸುವ ಮಾಹಿತಿಗೆ ತಾನು ಅನ್ವಯವಾಗುವುದಿಲ್ಲವೆಂದೂ ಹೇಳುತ್ತದೆ. ನೆಂಟರ ಫೋನ್ ನಂಬರು ಬರೆದಿಟ್ಟುಕೊಂಡವನನ್ನು ಅಪರಾಧಿಯಾಗಿಸಬಾರದೆಂಬ ಸದುದ್ದೇಶ ಅದರದು. ಹೆಂಡತಿಯ ಸಂದೇಶಗಳನ್ನು ಓದುವುದನ್ನೂ ಗೃಹಕೃತ್ಯವೆಂದೇ ತಿಳಿದವನಿಗೆ ಅದು ಆಶ್ರಯವಾಗದಿರಲೆಂದು ಹಾರೈಸಬಹುದು. ಬರೆದ ಅಕ್ಷರದಲ್ಲಿ ಆ ಭರವಸೆ ಇಲ್ಲ.

ನ್ಯಾಯಾಲಯಗಳು ಎರಡು ಕಡೆಗೂ ವಾಲಿವೆ. ಜೀವನಾಂಶಕ್ಕಾಗಿ ಗಂಡನ ವಿಳಾಸವನ್ನು ಆಧಾರ್ ಪ್ರಾಧಿಕಾರದಿಂದ ಕೋರಿದ ಹೆಂಡತಿಯ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2023ರಲ್ಲಿ, ವಿವಾಹಸಂಬಂಧವು ವ್ಯಕ್ತಿಯ ಏಕಾಂತದ ಹಕ್ಕನ್ನು ಅಳಿಸಿಹಾಕದೆಂದಿತು. ಆಕೆಯ ಕಷ್ಟಕ್ಕೆ ಮರುಗಿದರೂ ಆ ತತ್ತ್ವವನ್ನು ನಾನು ಒಪ್ಪುತ್ತೇನೆ. 2025ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು, ದಂಪತಿಗಳಲ್ಲೊಬ್ಬರು ಗುಟ್ಟಾಗಿ ಧ್ವನಿಮುದ್ರಿಸಿಕೊಂಡ ಸಂಭಾಷಣೆಯನ್ನು ವಿಚ್ಛೇದನದ ದಾವೆಯಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದೆಂದಿತು; ಪರಸ್ಪರ ಬೇಹುಗಾರಿಕೆಗೆ ಇಳಿದಿದ್ದಾರೆಂದರೆ ಆ ದಾಂಪತ್ಯ ಆಗಲೇ ಮುರಿದಿದೆಯೆಂಬುದು ಅಲ್ಲಿನ ವಿವೇಚನೆ. ಆ ಪ್ರಕರಣದಲ್ಲಿ ಗಂಡನು ಮುದ್ರಿಸಿದ್ದು ತಾನೇ ಪಾಲ್ಗೊಂಡ ಮಾತುಕತೆಯನ್ನು. ಹೆಂಡತಿ ತನ್ನ ಅಕ್ಕನಿಗೆ ಬರೆದ ಕಾಗದವನ್ನಲ್ಲ. ಈ ಭೇದವನ್ನು ಮುಂದಿನ ನ್ಯಾಯಾಧೀಶರು ಉಳಿಸಿಕೊಳ್ಳದೆ ಹೋದರೆ, ಆ್ಯಪ್ ಮಾರುವವನು ತನ್ನ ಜಾಹೀರಾತಿನಲ್ಲಿ ‘ಕೋರ್ಟಿನಲ್ಲಿಯೂ ನಡೆಯುತ್ತದೆ’ ಎಂದು ಸೇರಿಸಿಕೊಳ್ಳುತ್ತಾನೆಂಬುದು ನನ್ನ ವಿನಮ್ರವಾದ ಆತಂಕ.

ಕಡೆಯದಾಗಿ ಒಂದು ಕಾರ್ಯರೂಪದ ವಿಚಾರ. ತನ್ನ ಫೋನಿನಲ್ಲಿ ಇಂಥ ಆ್ಯಪ್ ಇದೆಯೆಂದು ತಿಳಿದೊಡನೆ ಯಾರಿಗಾದರೂ ತೋಚುವುದು ಅದನ್ನು ಕಿತ್ತೊಗೆಯಬೇಕೆಂದು. ಮನೆಯಲ್ಲಿ ಹೊಡೆತ ಬಡಿತಗಳಿರುವ ಹೆಣ್ಣುಮಗಳಿಗೆ ಅದು ಅಪಾಯ. ಕಿತ್ತ ಕ್ಷಣವೇ ಓದುವವನ ಪರದೆ ಬರಿದಾಗಿ ಅವಳಿಗೆ ಗೊತ್ತಾಯಿತೆಂಬುದು ಅವನಿಗೆ ಗೊತ್ತಾಗುತ್ತದೆ. ಸಾಕ್ಷ್ಯವೂ ಅದರೊಡನೆ ಹೋಗುತ್ತದೆ. ಆದ್ದರಿಂದ ಬೇರೊಬ್ಬರ ಫೋನಿನಿಂದ ತನ್ನ ಫೋನಿನ ಪರದೆಯ ಚಿತ್ರವನ್ನು ತೆಗೆದಿರಿಸಿಕೊಂಡು, ಬೇರೊಬ್ಬರ ಫೋನಿನಿಂದಲೇ ಮಹಿಳಾ ಸಹಾಯವಾಣಿ 181ಕ್ಕೆ ಕರೆಮಾಡುವುದು, ಇಲ್ಲವೇ ಹತ್ತಿರದ ಸಾಂತ್ವನ ಕೇಂದ್ರಕ್ಕೆ ಹೋಗುವುದು ಉಚಿತ. ಹೋಗುವಾಗ ತನ್ನ ಫೋನನ್ನು ಮನೆಯಲ್ಲಿಯೇ ಬಿಡುವುದು ಇನ್ನೂ ಉಚಿತ, ಏಕೆಂದರೆ ಅದು ಅವಳ ಹಾದಿಯನ್ನೂ ಹೇಳುತ್ತಿರುತ್ತದೆ. ಆ ಕೇಂದ್ರಗಳಲ್ಲಿ ಕುಳಿತು ದಿನವಿಡೀ ಸಂಸಾರಗಳ ಅಳಲನ್ನು ಕೇಳುವ ಆಪ್ತಸಮಾಲೋಚಕಿಯರಿಗೆ ಅನುಮತಿಗಳ ಪಟ್ಟಿಯನ್ನು ತೆರೆದು ನೋಡುವುದು, ಅದರಲ್ಲಿ ಅಸಹಜವಾದದ್ದನ್ನು ಗುರುತಿಸುವುದು ಹೇಗೆಂಬುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಈ ಸಂಸ್ಥೆಯಲ್ಲಿ ಗಣಕವಿಜ್ಞಾನದ ವಿಭಾಗವಿದೆ, ಸಮಾಜಕಾರ್ಯದ ವಿಭಾಗವೂ ಇದೆ. ಎರಡೂ ಒಂದೇ ಕಟ್ಟಡದಲ್ಲಿವೆಯೆಂದು ಸಭೆಯ ಅಧ್ಯಕ್ಷರು ಆಗಲೇ ನನಗೆ ತಿಳಿಸಿದರು. ಮೊದಲ ತರಗತಿಯ ದಿನವನ್ನು ಆ ಎರಡೂ ವಿಭಾಗದವರು ಗೊತ್ತುಮಾಡಿದರೆ ನಾನೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತೇನೆ.